ಹಳೆಯ ಗಣಕದ ತೆರೆದ ದಿಡ್ಡಿ: ‘ವಾನಾಕ್ರೈ’ ಪ್ರಕರಣದ ಒಂದು ಅಧ್ಯಯನ

ಪೀಠಿಕೆ

2017ರ ಮೇ 12ರ ಶುಕ್ರವಾರ ಜಗತ್ತಿನ ಅನೇಕ ದೇಶಗಳ ಗಣಕಗಳಲ್ಲಿ ಒಂದೇ ಬಗೆಯ ಕೆಂಪು ಬಣ್ಣದ ಕಿಟಕಿಯೊಂದು ತೆರೆದುಕೊಂಡಿತು. ಕಡತಗಳೆಲ್ಲವೂ ಗೂಢಲಿಪಿಗೆ ತಿರುಗಿವೆಯೆಂದೂ, ಅವುಗಳನ್ನು ಮರಳಿ ಪಡೆಯಲು 300 ಡಾಲರ್ ಮೌಲ್ಯದ ಬಿಟ್‌ಕಾಯಿನ್ ತೆರಬೇಕೆಂದೂ, ಮೂರು ದಿನ ಕಳೆದರೆ ಮೊತ್ತವು ಇಮ್ಮಡಿಯಾಗುವುದೆಂದೂ, ಏಳು ದಿನ ಕಳೆದರೆ ಕಡತಗಳು ಎಂದೆಂದಿಗೂ ದೊರೆಯಲಾರವೆಂದೂ ಅದರಲ್ಲಿ ಬರೆದಿತ್ತು. ಕೆಲವೇ ದಿನಗಳಲ್ಲಿ 150 ದೇಶಗಳ 2 ಲಕ್ಷಕ್ಕೂ ಹೆಚ್ಚು ಗಣಕಗಳು ಈ ಪಿಡುಗಿಗೆ ತುತ್ತಾದವೆಂದು ಯುರೋಪಿನ ಪೊಲೀಸ್ ಸಂಸ್ಥೆಯಾದ ಯುರೋಪೋಲ್ ಅಂದಾಜಿಸಿತು. ಆ ಕುತಂತ್ರಾಂಶಕ್ಕೆ ‘ವಾನಾಕ್ರೈ’ ಎಂಬ ಹೆಸರು ನಿಂತಿತು. ಅದು ಒಳನುಗ್ಗಲು ಬಳಸಿದ ಮಾರ್ಗವು ಮೈಕ್ರೋಸಾಫ್ಟ್ ಸಂಸ್ಥೆಯ ವಿಂಡೋಸ್ ಎಂಬ ಕಾರ್ಯಾಚರಣ ವ್ಯವಸ್ಥೆಯ ಹಳೆಯ ಭಾಗವೊಂದರಲ್ಲಿ ಬಹುಕಾಲದಿಂದ ಅಡಗಿದ್ದ ಲೋಪವಾಗಿತ್ತು.

ಕನ್ನಡ ವಿಭಾಗದ ವಾರ್ತಾಪತ್ರದಲ್ಲಿ ಇಂತಹ ವಿಷಯದ ಪಾಠವೇಕೆ ಎಂಬ ಪ್ರಶ್ನೆ ವಿದ್ಯಾರ್ಥಿಗಳಲ್ಲಿ ಮೂಡುವುದು ಸಹಜ. ಅದಕ್ಕೆ ಎರಡು ಕಾರಣಗಳಿವೆ. ಗಡಿನಾಡಿನ ಕನ್ನಡದ ಸಾಮಗ್ರಿಯ ಬಹುಭಾಗವು, ಎಂದರೆ ಕ್ಷೇತ್ರಕಾರ್ಯದ ಹಾಡುಗಳು, ಶಬ್ದಸಂಗ್ರಹಗಳು, ಕಿರುಪ್ರಬಂಧಗಳು, ಇಂದು ಕಾಗದದಲ್ಲಿಲ್ಲ, ಹಳೆಯ ಗಣಕಗಳಲ್ಲಿದೆ. ಅವುಗಳ ಅಳಿವು ಉಳಿವು ಈ ಬಗೆಯ ಲೋಪಗಳೊಡನೆ ನೇರವಾಗಿ ಹೆಣೆದುಕೊಂಡಿದೆ. ಎರಡನೆಯದಾಗಿ, ಈ ಪ್ರಕರಣದ ಒಂದು ಮುಖ್ಯ ಸಾಕ್ಷ್ಯವು ಭಾಷೆಯ ಸಾಕ್ಷ್ಯವಾಗಿತ್ತು. ನಾವು ಗ್ರಂಥಸಂಪಾದನೆಯ ತರಗತಿಯಲ್ಲಿ ಕಲಿಯುವ ವಿಧಾನವನ್ನೇ ತನಿಖೆಗಾರರು ಅಲ್ಲಿ ಬಳಸಿದರು.

ಪದವಿಚಾರ

ವಿಷಯಕ್ಕೆ ಪ್ರವೇಶಿಸುವ ಮುನ್ನ ಮೂರು ಪದಗಳನ್ನು ತಿಳಿಯುವುದು ಅವಶ್ಯ.

‘ಕಾರ್ಯಾಚರಣ ವ್ಯವಸ್ಥೆ’ ಎಂದರೆ ಆಪರೇಟಿಂಗ್ ಸಿಸ್ಟಂ. ಗಣಕದ ಯಂತ್ರಭಾಗಕ್ಕೂ ನಾವು ಬಳಸುವ ತಂತ್ರಾಂಶಗಳಿಗೂ ನಡುವೆ ನಿಂತು, ಯಾರಿಗೆ ಎಷ್ಟು ಸ್ಮೃತಿ, ಯಾವ ಕಡತ, ಯಾವ ಅಧಿಕಾರ ಎಂಬುದನ್ನು ನಿರ್ಧರಿಸುವ ಮೂಲ ತಂತ್ರಾಂಶವಿದು. ನಮ್ಮಲ್ಲಿ ಮರಾಠಿ ಮಾಧ್ಯಮದಿಂದ ಬಂದ ವಿದ್ಯಾರ್ಥಿಗಳು ಇದನ್ನು ‘ಪ್ರಣಾಲಿ’ ಎಂಬ ಪದದಿಂದ ಬಲ್ಲರು. ಸಂಸ್ಕೃತದಲ್ಲಿ ಪ್ರಣಾಲಿ ಎಂದರೆ ನೀರು ಹರಿಯುವ ಕಾಲುವೆ. ಕನ್ನಡದ ‘ವ್ಯವಸ್ಥೆ’ಯು ಕ್ರಮವನ್ನು ಸೂಚಿಸಿದರೆ, ಮರಾಠಿಯ ಪದವು ಹರಿವನ್ನು ಸೂಚಿಸುತ್ತದೆ. ಎರಡೂ ಸಾಧುವೇ.

ಎರಡನೆಯದು ‘ಭೇದ್ಯತೆ’. ಇಂಗ್ಲಿಷಿನ ವಲ್ನರೆಬಿಲಿಟಿ ಎಂಬುದಕ್ಕೆ ಪತ್ರಿಕೆಗಳು ದೌರ್ಬಲ್ಯ, ಲೋಪ, ದೋಷ ಎಂದು ಬಗೆಬಗೆಯಾಗಿ ಬರೆಯುತ್ತವೆ. ಇವುಗಳಲ್ಲಿ ಸೂಕ್ಷ್ಮವಾದ ಅಂತರವಿದೆ. ತಂತ್ರಾಂಶವು ಲೆಕ್ಕ ತಪ್ಪಿದರೆ ಅದು ದೋಷ. ಆ ದೋಷದ ಮೂಲಕ ಹೊರಗಿನವನೊಬ್ಬನು ಒಳನುಗ್ಗಬಹುದಾದರೆ ಅದು ಭೇದ್ಯತೆ. ಶತ್ರುವಿಗೆ ಒಳಗಾಗದ ಕೋಟೆಯನ್ನು ಅಭೇದ್ಯವೆಂದು ಕರೆಯುವ ರೂಢಿ ನಮ್ಮಲ್ಲಿ ಇದ್ದೇ ಇದೆ. ಅದರ ವಿರುದ್ಧಾರ್ಥವೇ ಇದು. ಕೋಟೆಯ ಮಹಾದ್ವಾರಕ್ಕೆ ಎಷ್ಟೇ ಕಾವಲಿದ್ದರೂ ಹಿಂಬದಿಯ ದಿಡ್ಡಿಬಾಗಿಲಿನ ಅಗುಳಿ ಸಡಿಲವಾಗಿದ್ದರೆ ಆ ಕೋಟೆಯು ಭೇದ್ಯವೇ.

ಮೂರನೆಯದು ‘ತೇಪೆ’, ಎಂದರೆ ಪ್ಯಾಚ್. ತಯಾರಕರು ಲೋಪವನ್ನು ಮುಚ್ಚಲು ಕಳುಹಿಸುವ ಕಿರು ತಿದ್ದುಪಡಿಯಿದು. ಕೌದಿ ಹೊಲಿಯುವ ನಮ್ಮ ಮನೆಯ ಹೆಣ್ಣುಮಕ್ಕಳಿಗೆ ತೇಪೆಯ ಅರ್ಥವನ್ನು ಹೇಳಿಕೊಡಬೇಕಾಗಿಲ್ಲ.

ಲೋಪದ ಸ್ವರೂಪ

ಒಂದೇ ಕಚೇರಿಯ ಗಣಕಗಳು ಪರಸ್ಪರ ಕಡತಗಳನ್ನೂ ಮುದ್ರಣಯಂತ್ರಗಳನ್ನೂ ಹಂಚಿಕೊಳ್ಳಲು ಒಂದು ಸಮಾನ ಒಪ್ಪಂದ ಬೇಕು. ಅಂತಹ ಒಪ್ಪಂದಗಳಲ್ಲಿ ಒಂದು ಎಸ್‌ಎಂಬಿ. 1980ರ ದಶಕದಲ್ಲಿ ಐಬಿಎಂ ಸಂಸ್ಥೆಯಲ್ಲಿ ಹುಟ್ಟಿದ ಇದನ್ನು ಮೈಕ್ರೋಸಾಫ್ಟ್ ಬೆಳೆಸಿತು. ವಿಂಡೋಸ್ ಗಣಕಗಳಲ್ಲಿ 445ನೆಯ ಸಂಖ್ಯೆಯ ಪೋರ್ಟ್ ಎಂಬ ದಿಡ್ಡಿಯ ಮೂಲಕ ಈ ವ್ಯವಹಾರ ನಡೆಯುತ್ತದೆ. ಇದರ ಮೊದಲನೆಯ ಆವೃತ್ತಿಯು ಬಹಳ ಹಳೆಯದಾದರೂ, ಹಳೆಯ ಯಂತ್ರಗಳೊಡನೆ ಮಾತುಕತೆ ಕಡಿದುಹೋಗಬಾರದೆಂಬ ಕಾರಣಕ್ಕೆ 2001ರ ವಿಂಡೋಸ್ ಎಕ್ಸ್‌ಪಿಯಲ್ಲಿಯೂ, 2009ರ ವಿಂಡೋಸ್ 7ರಲ್ಲಿಯೂ, ಅನಂತರದ ಆವೃತ್ತಿಗಳಲ್ಲಿಯೂ ಉಳಿದುಕೊಂಡಿತು.

ಕಡತವೊಂದಕ್ಕೆ ಅದರ ಒಳಗಿನ ಬರೆಹವಲ್ಲದೆ ಕೆಲವು ಹೆಚ್ಚುವರಿ ಲಕ್ಷಣಗಳೂ ಇರುತ್ತವೆ. ಐಬಿಎಂ ಮತ್ತು ಮೈಕ್ರೋಸಾಫ್ಟ್ ಜೊತೆಗೂಡಿ ರೂಪಿಸಿ 1987ರಲ್ಲಿ ಹೊರತಂದ ಓಎಸ್/2 ಎಂಬ ವ್ಯವಸ್ಥೆಯು ಈ ಲಕ್ಷಣಗಳ ಪಟ್ಟಿಯನ್ನು ಒಂದು ಬಗೆಯಲ್ಲಿ ಬರೆಯುತ್ತಿತ್ತು. ವಿಂಡೋಸ್ ಎನ್‌ಟಿ ಕುಲದ ವ್ಯವಸ್ಥೆಗಳು ಇನ್ನೊಂದು ಬಗೆಯಲ್ಲಿ ಬರೆಯುತ್ತವೆ. ಆದುದರಿಂದ ಓಎಸ್/2 ಬಗೆಯ ಪಟ್ಟಿಯೊಂದು ಬಂದಾಗ ವಿಂಡೋಸ್ ಅದನ್ನು ತನ್ನ ಬಗೆಗೆ ಪರಿವರ್ತಿಸಿಕೊಳ್ಳಬೇಕಾಗುತ್ತಿತ್ತು. ಪರಿವರ್ತನೆಗೆ ಮೂರು ಹಂತಗಳು: ಮೊದಲು ಬಂದ ಪಟ್ಟಿಯನ್ನು ಅಳೆಯುವುದು, ಆಮೇಲೆ ಅಳತೆಗೆ ತಕ್ಕಷ್ಟು ಸ್ಮೃತಿಯನ್ನು ಕಾಯ್ದಿರಿಸುವುದು, ಕೊನೆಗೆ ಪಟ್ಟಿಯನ್ನು ಅಲ್ಲಿ ಬರೆಯುವುದು. ಲೋಪವಿದ್ದುದು ಅಳತೆಯಲ್ಲಿ.

ಗಣಕವು ಸಂಖ್ಯೆಗಳನ್ನು ಸೊನ್ನೆ ಮತ್ತು ಒಂದುಗಳ ಮನೆಗಳಲ್ಲಿ ಇಡುತ್ತದೆ. 16 ಮನೆಗಳಲ್ಲಿ ಬರೆಯಬಹುದಾದ ಅತಿ ದೊಡ್ಡ ಸಂಖ್ಯೆ 65,535. 32 ಮನೆಗಳಿದ್ದರೆ 400 ಕೋಟಿಗೂ ಮೀರಿದ ಸಂಖ್ಯೆಯನ್ನು ಬರೆಯಬಹುದು. ಪಟ್ಟಿಯ ಉದ್ದವನ್ನು ವಿಂಡೋಸ್ 32 ಮನೆಗಳಲ್ಲಿ ಇಟ್ಟುಕೊಂಡಿತ್ತು. ಪಟ್ಟಿಯ ನಡುವೆ ಅಸಂಬದ್ಧವಾದ ನಮೂದು ಕಂಡರೆ ಅಲ್ಲಿಗೆ ಪಟ್ಟಿಯನ್ನು ಮೊಟಕುಗೊಳಿಸಿ, ಹೊಸ ಉದ್ದವನ್ನು ಹಳೆಯದರ ಸ್ಥಾನದಲ್ಲಿ ಬರೆಯಬೇಕು. ಹಾಗೆ ಬರೆಯುವ ಆದೇಶವು ಮಾತ್ರ 32 ಮನೆಗಳಿಗೆ ಬದಲಾಗಿ ಕೆಳಗಿನ 16 ಮನೆಗಳನ್ನಷ್ಟೇ ತಿದ್ದುತ್ತಿತ್ತು. ಮೇಲಿನ 16 ಮನೆಗಳು ಮೊದಲಿದ್ದಂತೆಯೇ ಉಳಿಯುತ್ತಿದ್ದವು.

ಇದನ್ನು ನಮ್ಮ ದಶಮಾನ ಪದ್ಧತಿಯ ಉದಾಹರಣೆಯಿಂದ ತಿಳಿಯೋಣ. ಅಡತಿ ಅಂಗಡಿಯೊಂದರ ಲೆಕ್ಕದ ಪುಸ್ತಕದಲ್ಲಿ 10,000 ಎಂದು ಬರೆದಿದೆಯೆನ್ನಿ. ಅದರಲ್ಲಿ 163 ಕಳೆದು 9,837 ಎಂದು ತಿದ್ದಬೇಕು. ಗುಮಾಸ್ತನು ಕೊನೆಯ ನಾಲ್ಕು ಅಂಕಿಗಳನ್ನು ಮಾತ್ರ ಅಳಿಸಿ ಅಲ್ಲಿ 9837 ಎಂದು ಬರೆದು, ಮುಂದಿನ ‘1’ನ್ನು ಹಾಗೆಯೇ ಬಿಟ್ಟನು. ಈಗ ಪುಸ್ತಕವು 19,837 ಎಂದು ಹೇಳುತ್ತದೆ. ಕಡಿಮೆಯಾಗಬೇಕಾದ ಮೊತ್ತವು ಹೆಚ್ಚುಕಡಿಮೆ ಎರಡು ಪಟ್ಟಾಯಿತು. ವಿಂಡೋಸ್‌ನಲ್ಲಿ ನಡೆದುದೂ ಇದೇ. ಆಕ್ರಮಣಕಾರನು 65,536 ಬೈಟುಗಳ ಪಟ್ಟಿಯನ್ನು ಕಳುಹಿಸುತ್ತಾನೆ. ಅದು 65,373ಕ್ಕೆ ಇಳಿಯಬೇಕು. ಮೇಲಿನ ಮನೆಯ ‘1’ ಉಳಿದುಕೊಂಡ ಕಾರಣ ಅದು 1,30,909 ಆಗುತ್ತದೆ. ಸ್ಮೃತಿಯನ್ನು ಕಾಯ್ದಿರಿಸಿದ್ದು ಮೊಟಕುಗೊಂಡ ಪಟ್ಟಿಗೆ. ಬರೆಯಲು ಹೊರಟದ್ದು ಉಬ್ಬಿದ ಅಳತೆಯ ಪ್ರಕಾರ. ಚೀಲಕ್ಕೆ ಹಿಡಿಸದ ಜೋಳವು ಪಕ್ಕದವರ ರಾಶಿಗೆ ಚೆಲ್ಲುವಂತೆ, ಹೆಚ್ಚಾದ ಬೈಟುಗಳು ನೆರೆಯ ಸ್ಮೃತಿಗೆ ಚೆಲ್ಲುತ್ತವೆ.

ಇಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ಮೊದಲನೆಯದಾಗಿ, ಈ ಕೆಲಸ ನಡೆಯುವುದು ವ್ಯವಸ್ಥೆಯ ಗರ್ಭದಲ್ಲಿ, ಎಂದರೆ ಕರ್ನೆಲ್‌ನಲ್ಲಿ. ಅಲ್ಲಿ ಚೆಲ್ಲುವುದು ಏನೆಂಬುದನ್ನು ಆಕ್ರಮಣಕಾರನೇ ಆಯ್ದುಕೊಳ್ಳಬಲ್ಲನಾದ್ದರಿಂದ ತನ್ನ ಆದೇಶಗಳನ್ನು ಪರಮಾಧಿಕಾರದೊಡನೆ ನಡೆಸಬಲ್ಲನು. ಗುಪ್ತಪದ ಬೇಕಿಲ್ಲ, ಬಳಕೆದಾರನು ಯಾವುದನ್ನೂ ಒತ್ತಬೇಕಿಲ್ಲ. ಎರಡನೆಯದಾಗಿ, ಓಎಸ್/2 ಬಗೆಯ ಪಟ್ಟಿಯನ್ನು ಒಯ್ಯುವ ಸಂದೇಶದಲ್ಲಿ ಉದ್ದಕ್ಕೆ 16 ಮನೆಗಳಷ್ಟೇ ಇದ್ದವು. ಹಾಗಾಗಿ 65,535ನ್ನು ಮೀರಿದ ಪಟ್ಟಿಯು ಸಹಜವಾಗಿ ಬರುವ ಸಂಭವವೇ ಇರಲಿಲ್ಲ. ಆದರೆ ದೊಡ್ಡ ಅಳತೆಗೆ ಆಸ್ಪದವಿರುವ ಇನ್ನೊಂದು ಬಗೆಯ ಸಂದೇಶದಿಂದ ಆರಂಭಿಸಿ, ಚಿಕ್ಕ ಬಗೆಯ ಸಂದೇಶದಿಂದ ಮುಗಿಸಿದರೆ ವಿಂಡೋಸ್ ಎರಡನ್ನೂ ಕಲಸಿಕೊಳ್ಳುತ್ತಿತ್ತು. ಅದು ಬೇರೊಂದು ಲೋಪ. ಎರಡು ಲೋಪಗಳು ಕೂಡಿದಾಗ ದಿಡ್ಡಿ ತೆರೆಯಿತು. ‘ಇದಕ್ಕಿಂತ ದೊಡ್ಡದು ಬರಲಾರದು’ ಎಂಬ ಊಹೆಯನ್ನು ಯಾರೂ ಮತ್ತೆ ಪರಿಶೀಲಿಸದೆ ಹೋದುದರಿಂದ ಇದು ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳದೆ ಉಳಿಯಿತು.

ತೇಪೆ ಮೊದಲು, ಆಕ್ರಮಣ ಆಮೇಲೆ

ಯಾರ ಕಣ್ಣಿಗೂ ಬೀಳಲಿಲ್ಲವೆಂಬ ಮಾತಿಗೆ ಒಂದು ಅಪವಾದವುಂಟು. ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆಯಾದ ಎನ್‌ಎಸ್‌ಎ ಈ ಲೋಪವನ್ನು ಅರಿತಿತ್ತು. ತಯಾರಕರಿಗೆ ತಿಳಿಸುವ ಬದಲು ಬೇಹುಗಾರಿಕೆಯ ಸಾಧನವಾಗಿ ಬಳಸಿಕೊಂಡಿತು. ಆ ಸಾಧನದ ಹೆಸರು ‘ಎಟರ್ನಲ್ ಬ್ಲೂ’. ‘ಶ್ಯಾಡೋ ಬ್ರೋಕರ್ಸ್’ ಎಂದು ತಮ್ಮನ್ನು ಕರೆದುಕೊಂಡ ಅಜ್ಞಾತರ ಗುಂಪೊಂದು ಅದನ್ನು ಇತರ ಸಾಧನಗಳೊಡನೆ 2017ರ ಏಪ್ರಿಲ್ 14ರಂದು ಬಯಲಿಗಿಟ್ಟಿತು. ಅದಕ್ಕೆ ಒಂದು ತಿಂಗಳ ಹಿಂದೆಯೇ, ಮಾರ್ಚ್ 14ರಂದು, ಮೈಕ್ರೋಸಾಫ್ಟ್ ‘ಎಂಎಸ್17-010’ ಎಂಬ ಸಂಖ್ಯೆಯ ತೇಪೆಯನ್ನು ಬಿಡುಗಡೆ ಮಾಡಿತ್ತು. ವಾನಾಕ್ರೈ ಹರಡಿದುದು ಮೇ 12ರಂದು.

ಈ ಮೂರು ದಿನಾಂಕಗಳ ಅನುಕ್ರಮವನ್ನು ವಿದ್ಯಾರ್ಥಿಗಳು ಮನಸ್ಸಿನಲ್ಲಿಡಬೇಕು. ಮೊದಲು ತೇಪೆ, ಬಳಿಕ ಆಯುಧದ ಬಯಲು, ಕೊನೆಗೆ ಆಕ್ರಮಣ. ತೇಪೆ ಬಂದು 59 ದಿನಗಳಾದ ಮೇಲೆ ಅನಾಹುತ ನಡೆಯಿತು. ಮತ್ತೊಂದು ಸಂಗತಿಯೂ ಇದೆ. ತೇಪೆಯು ಎಲ್ಲಿ ಹೊಲಿಗೆ ಬಿದ್ದಿದೆಯೆಂಬುದನ್ನು ನೋಡಿ ಹರಿದ ಜಾಗ ಯಾವುದೆಂದು ಪರಿಣತರು ಊಹಿಸಬಲ್ಲರು. ಆದುದರಿಂದ ತೇಪೆ ಪ್ರಕಟವಾದ ದಿನದಿಂದಲೇ ಅದನ್ನು ಹಾಕಿಕೊಳ್ಳದವರ ಅಪಾಯವು ಮೊದಲಿಗಿಂತ ಹೆಚ್ಚಾಗುತ್ತದೆ.

ವಿಂಡೋಸ್ ಎಕ್ಸ್‌ಪಿಯ ಸ್ಥಿತಿ ಇದಕ್ಕಿಂತ ಭಿನ್ನ. ಅದಕ್ಕೆ ತಯಾರಕರ ಪೋಷಣೆಯು 2014ರ ಏಪ್ರಿಲ್ 8ರಂದೇ ಕೊನೆಗೊಂಡಿತ್ತು. ಮಾರ್ಚಿಯ ತೇಪೆಯು ಸಾಮಾನ್ಯ ಎಕ್ಸ್‌ಪಿ ಬಳಕೆದಾರರಿಗೆ ದೊರೆಯಲಿಲ್ಲ. ಆಕ್ರಮಣವು ಭುಗಿಲೆದ್ದ ಮೇಲಷ್ಟೇ ಮೈಕ್ರೋಸಾಫ್ಟ್ ತನ್ನ ನಿಯಮವನ್ನು ಮೀರಿ ಎಕ್ಸ್‌ಪಿಗೂ ತೇಪೆಯನ್ನು ಒದಗಿಸಿತು.

ಹರಡಿದ ಬಗೆ, ನಿಂತ ಬಗೆ

ವಾನಾಕ್ರೈಯಲ್ಲಿ ಎರಡು ಗುಣಗಳು ಬೆರೆತಿದ್ದವು. ಅದು ಕಡತಗಳನ್ನು ಒತ್ತೆಯಿಟ್ಟುಕೊಂಡು ಹಣ ಕೇಳುವ ಕುತಂತ್ರಾಂಶ. ಜೊತೆಗೆ ಗಣಕದಿಂದ ಗಣಕಕ್ಕೆ ತಾನಾಗಿಯೇ ತೆವಳಿ ಸಾಗುವ ಹುಳು. ಹಣ ತೆತ್ತವರಿಗೂ ಭರವಸೆಯಿರಲಿಲ್ಲ. ಅದರಲ್ಲಿದ್ದುದು ಮೂರೇ ಬಿಟ್‌ಕಾಯಿನ್ ವಿಳಾಸಗಳು. ಎಲ್ಲರ ಹಣವೂ ಅಲ್ಲಿಗೇ ಬರುತ್ತಿದ್ದುದರಿಂದ ಯಾರು ತೆತ್ತರು, ಯಾರು ತೆರಲಿಲ್ಲ ಎಂಬುದನ್ನು ತಾನಾಗಿಯೇ ಗುರುತಿಸುವ ಸಾಧನವು ಅದರಲ್ಲಿ ಇರಲಿಲ್ಲ.

ಅತಿ ಹೆಚ್ಚು ಚರ್ಚೆಗೆ ಬಂದುದು ಬ್ರಿಟನ್ನಿನ ಸಾರ್ವಜನಿಕ ಆರೋಗ್ಯ ಸೇವೆಯ ಪಾಡು. ಅಲ್ಲಿಯ ರಾಷ್ಟ್ರೀಯ ಲೆಕ್ಕಪರಿಶೋಧನ ಕಚೇರಿಯು 2017ರ ಅಕ್ಟೋಬರಿನಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಇಂಗ್ಲೆಂಡಿನ 236 ಆರೋಗ್ಯ ಟ್ರಸ್ಟುಗಳಲ್ಲಿ ಸುಮಾರು 80 ಟ್ರಸ್ಟುಗಳ ಕೆಲಸಕ್ಕೆ ಅಡ್ಡಿಯಾಯಿತು. ಸುಮಾರು 19,000 ಭೇಟಿಗಳು ರದ್ದಾಗಿರಬಹುದೆಂದು ಅಂದಾಜಿಸಲಾಯಿತು. ಅವುಗಳಲ್ಲಿ ಶಸ್ತ್ರಚಿಕಿತ್ಸೆಗಳೂ ಇದ್ದವು. ಕೆಲವೆಡೆ ತುರ್ತು ರೋಗಿಗಳನ್ನು ಬೇರೆ ಆಸ್ಪತ್ರೆಗಳಿಗೆ ಕಳುಹಿಸಬೇಕಾಯಿತು. ನಮ್ಮ ದೇಶದಲ್ಲಿ ಆಂಧ್ರಪ್ರದೇಶದ ಪೊಲೀಸ್ ಇಲಾಖೆಯ ಕೆಲವು ಗಣಕಗಳು ತುತ್ತಾದವು. ಕೇರಳದ ವಯನಾಡು ಜಿಲ್ಲೆಯ ತರಿಯೋಡು ಗ್ರಾಮ ಪಂಚಾಯತಿಯ ಕಚೇರಿಯನ್ನು ಸೋಮವಾರ ಬೆಳಿಗ್ಗೆ ತೆರೆದಾಗ ಅಲ್ಲಿಯ ಗಣಕಗಳಲ್ಲೂ ಅದೇ ಕೆಂಪು ಕಿಟಕಿಯಿತ್ತು. ಗಡಿನಾಡಿನ ಕನ್ನಡಿಗರೂ ಬಾಳುವ ಆ ಗುಡ್ಡಗಾಡಿನ ಪಂಚಾಯತಿಯನ್ನು ಯಾರೂ ಗುರಿಯಿಟ್ಟು ಹೊಡೆದಿರಲಿಲ್ಲ. ಹುಳುವು ಊರನ್ನು ನೋಡಿ ಬರುವುದಿಲ್ಲ. ತೆರೆದ ದಿಡ್ಡಿಯನ್ನು ನೋಡಿ ಬರುತ್ತದೆ.

ಅದು ನಿಂತ ಬಗೆಯೂ ವಿಚಿತ್ರ. ಹುಳುವು ತನ್ನ ಕೆಲಸವನ್ನು ಆರಂಭಿಸುವ ಮೊದಲು ಅರ್ಥವಿಲ್ಲದ ಅಕ್ಷರಗಳ ಜಾಲತಾಣವೊಂದನ್ನು ಸಂಪರ್ಕಿಸಲು ಯತ್ನಿಸುತ್ತಿತ್ತು. ಉತ್ತರ ಬಾರದಿದ್ದರೆ ಮುಂದುವರಿಯುತ್ತಿತ್ತು, ಬಂದರೆ ಸುಮ್ಮನಾಗುತ್ತಿತ್ತು. ಮಾರ್ಕಸ್ ಹಚಿನ್ಸ್ ಎಂಬ ಬ್ರಿಟಿಷ್ ಸಂಶೋಧಕರು ಅದರ ಚಲನೆಯನ್ನು ಅಳೆಯುವ ಉದ್ದೇಶದಿಂದ, ಯಾರೂ ಪಡೆದಿರದ ಆ ಹೆಸರನ್ನು ಸುಮಾರು 11 ಡಾಲರ್ ತೆತ್ತು ನೋಂದಾಯಿಸಿದರು. ಉತ್ತರ ದೊರೆಯತೊಡಗಿತು, ಹುಳುವಿನ ವೇಗವು ಕುಸಿಯಿತು. ಆದರೂ ಲೋಪ ಉಳಿದ ಗಣಕಗಳು ಬಹಳವಿದ್ದವು. ಅದೇ ವರ್ಷದ ಜೂನ್ 27ರಂದು ‘ನಾಟ್‌ಪೆಟ್ಯಾ’ ಎಂಬ ಇನ್ನೊಂದು ಕುತಂತ್ರಾಂಶವು ಇದೇ ದಿಡ್ಡಿಯನ್ನೂ ಬೇರೆ ಉಪಾಯಗಳನ್ನೂ ಬಳಸಿ ಹರಡಿದಾಗ, ಮುಂಬಯಿ ಸಮೀಪದ ಜವಾಹರಲಾಲ್ ನೆಹರೂ ಬಂದರಿನ ಒಂದು ಟರ್ಮಿನಲ್‌ನ ಕೆಲಸವೂ ಅಸ್ತವ್ಯಸ್ತಗೊಂಡಿತು.

ಬೆದರಿಕೆಪತ್ರದ ಭಾಷೆ

ವಾನಾಕ್ರೈಯ ಪತ್ರವು 28 ಭಾಷೆಗಳಲ್ಲಿ ದೊರೆಯುತ್ತಿತ್ತು. ಅವುಗಳಲ್ಲಿ ಭಾರತದ ಯಾವ ನುಡಿಯೂ ಇರಲಿಲ್ಲ. ಪತ್ರದ ಧಾಟಿಯು ಗ್ರಾಹಕರ ಸೇವಾಕೇಂದ್ರದ ಕೈಪಿಡಿಯಂತೆ ವಿನಯದಿಂದ ಕೂಡಿತ್ತು: ನನ್ನ ಗಣಕಕ್ಕೆ ಏನಾಗಿದೆ, ಕಡತಗಳನ್ನು ಮರಳಿ ಪಡೆಯಬಹುದೇ, ಹಣವನ್ನು ಹೇಗೆ ತೆರಬೇಕು ಎಂಬ ಪ್ರಶ್ನೆಗಳು, ಅವುಗಳ ಕೆಳಗೆ ಉತ್ತರಗಳು. ಆರು ತಿಂಗಳಾದರೂ ಹಣ ತೆರಲಾರದಷ್ಟು ಬಡವರಿಗೆ ಉಚಿತ ಬಿಡುಗಡೆಯ ಅವಕಾಶ ಕಲ್ಪಿಸುವ ಮಾತೂ ಅದರಲ್ಲಿತ್ತು.

ಫ್ಲ್ಯಾಶ್‌ಪಾಯಿಂಟ್ ಎಂಬ ಸಂಸ್ಥೆಯ ಭಾಷಾತಜ್ಞರು ಈ ಎಲ್ಲ ಪಾಠಗಳನ್ನೂ ಹೋಲಿಸಿ ನೋಡಿದರು. ಬಹುಪಾಲು ಪಾಠಗಳು ಇಂಗ್ಲಿಷ್ ಪಾಠವನ್ನು ಯಂತ್ರಾನುವಾದಕ್ಕೆ ಕೊಟ್ಟರೆ ದೊರೆಯುವ ರೂಪವನ್ನೇ ಬಹುಮಟ್ಟಿಗೆ ಹೋಲುತ್ತಿದ್ದವು. ಇಂಗ್ಲಿಷ್ ಪಾಠವು ಮನುಷ್ಯನೇ ಬರೆದುದಾದರೂ ಅದರ ಒಂದು ಮುಖ್ಯ ವಾಕ್ಯದಲ್ಲಿ ವ್ಯಾಕರಣವು ಎಡವಿತ್ತು. ಚೀನೀ ಪಾಠಗಳು ಮಾತ್ರ ಉಳಿದವುಗಳಿಗಿಂತ ಭಿನ್ನವಾಗಿದ್ದು, ಬೇರೆಡೆ ಇಲ್ಲದ ವಿವರಗಳನ್ನು ಒಳಗೊಂಡಿದ್ದವು. ಅವುಗಳಲ್ಲಿದ್ದ ಒಂದು ಅಕ್ಷರದೋಷವು ಅನುವಾದದಿಂದ ಹುಟ್ಟುವಂಥದಾಗಿರದೆ, ಚೀನೀ ಭಾಷೆಯನ್ನು ನೇರವಾಗಿ ಕೀಲಿಮಣೆಯಲ್ಲಿ ಒತ್ತುವಾಗ ಆಗುವಂಥದಾಗಿತ್ತು. ಆದುದರಿಂದ ಪತ್ರವನ್ನು ಬರೆದವರು ಚೀನೀ ಭಾಷೆಯನ್ನು ಸರಾಗವಾಗಿ ಬಲ್ಲವರೆಂದು ತಜ್ಞರು ತೀರ್ಮಾನಿಸಿದರು.

ಇದು ನಮಗೆ ಚಿರಪರಿಚಿತ ವಿಧಾನ. ಓಲೆಗರಿಯ ಪ್ರತಿಗಳನ್ನು ಎದುರಿಗಿಟ್ಟುಕೊಂಡು, ಸ್ಖಾಲಿತ್ಯಗಳ ಸಾಮ್ಯದಿಂದ ಯಾವ ಪ್ರತಿಯು ಯಾವುದರ ಮಗಳು ಎಂದು ನಿರ್ಣಯಿಸುವುದನ್ನು ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯನ್ನು ಓದಿದವರು ಬಲ್ಲರು. ಲಿಪಿಕಾರನ ತಪ್ಪು ಅವನ ಮೂಲಪ್ರತಿಯನ್ನೂ ಅವನ ಅಭ್ಯಾಸವನ್ನೂ ಬಯಲು ಮಾಡುತ್ತದೆ. ಆದರೆ ಈ ವಿಧಾನದ ಮಿತಿಯೂ ಇದೇ ಪ್ರಕರಣದಲ್ಲಿ ಕಾಣುತ್ತದೆ. 2017ರ ಡಿಸೆಂಬರಿನಲ್ಲಿ ಅಮೆರಿಕ, ಬ್ರಿಟನ್ ಮೊದಲಾದ ದೇಶಗಳು ಬೇರೆ ತಾಂತ್ರಿಕ ಸಾಕ್ಷ್ಯಗಳ ಬಲದಿಂದ ಈ ಕೃತ್ಯಕ್ಕೆ ಉತ್ತರ ಕೊರಿಯವೇ ಹೊಣೆಯೆಂದು ಘೋಷಿಸಿದವು. ಉತ್ತರ ಕೊರಿಯ ಅದನ್ನು ಅಲ್ಲಗಳೆಯಿತು. ಭಾಷೆಯ ಸಾಕ್ಷ್ಯವು ಬರೆದವನಿಗೆ ಯಾವ ನುಡಿ ಒಗ್ಗಿತ್ತು ಎಂಬುದನ್ನು ಹೇಳೀತು. ಅವನು ಯಾರ ಆಳು, ಯಾವ ನಾಡಿನವನು ಎಂಬುದನ್ನು ಹೇಳಲಾರದು. ಎರಡು ನುಡಿಗಳಲ್ಲಿ ಓದಿ ಬರೆದು ಬೆಳೆಯುವ ಗಡಿನಾಡಿನವರಿಗೆ ಈ ಭೇದವನ್ನು ವಿವರಿಸಬೇಕಾಗಿಲ್ಲ.

‘ಹಳತು’ ಎಂದರೇನು?

ಆಕ್ರಮಣದ ಮೊದಲ ದಿನಗಳಲ್ಲಿ ಪತ್ರಿಕೆಗಳು ಎಕ್ಸ್‌ಪಿಯನ್ನೇ ದೂರಿದವು. ಆಮೇಲೆ ದೊರೆತ ಲೆಕ್ಕವು ಬೇರೆಯೇ ಆಗಿತ್ತು. ಕ್ಯಾಸ್ಪರ್‌ಸ್ಕಿ ಸಂಸ್ಥೆಯು ಗಮನಿಸಿದ ಪ್ರಕಾರ ತುತ್ತಾದ ಗಣಕಗಳಲ್ಲಿ ಸುಮಾರು 98 ಪ್ರತಿಶತ ವಿಂಡೋಸ್ 7ರವು. ಅಂದಿಗೆ ವಿಂಡೋಸ್ 7ಕ್ಕೆ ಪೋಷಣೆಯಿತ್ತು, ತೇಪೆಯೂ ಬಂದಿತ್ತು, ಹಾಕಿಕೊಂಡಿರಲಿಲ್ಲ, ಅಷ್ಟೆ. ಎಕ್ಸ್‌ಪಿಯ ಮೇಲೆ ಹುಳುವು ಎರಗಿದಾಗ ಬಹುತೇಕ ಗಣಕವೇ ಸ್ಥಗಿತಗೊಂಡು ನೀಲಿ ಪರದೆ ಕಾಣುತ್ತಿದ್ದುದರಿಂದ ಸೋಂಕು ಅಲ್ಲಿಂದ ಮುಂದಕ್ಕೆ ಹರಡುತ್ತಿದ್ದುದು ಕಡಿಮೆ.

ಇನ್ನೂ ಒಂದು ಸ್ವಾರಸ್ಯವಿದೆ. ಬೇರೆ ದಾರಿಯಿಂದ ಸೋಂಕು ತಗುಲಿದ ಎಕ್ಸ್‌ಪಿ ಗಣಕದಲ್ಲಿ, ಗೂಢಲಿಪಿಯ ಕೀಲಿಕೈಯನ್ನು ರಚಿಸಲು ಬಳಸಿದ ಅವಿಭಾಜ್ಯ ಸಂಖ್ಯೆಗಳು ಕೆಲಸ ಮುಗಿದ ಮೇಲೂ ಸ್ಮೃತಿಯಿಂದ ಅಳಿಯದೆ ಉಳಿಯುತ್ತಿದ್ದವು. ಗಣಕವನ್ನು ಆರಿಸದೆ ಇಟ್ಟಿದ್ದರೆ ಆ ಸಂಖ್ಯೆಗಳನ್ನು ಹೆಕ್ಕಿ ಕೀಲಿಕೈಯನ್ನು ಮತ್ತೆ ರಚಿಸಬಹುದೆಂದು ಅದ್ರಿಯಾಂ ಗಿನೆ ಎಂಬ ಫ್ರೆಂಚ್ ಸಂಶೋಧಕರು ಅದೇ ವಾರದಲ್ಲಿ ತೋರಿಸಿಕೊಟ್ಟರು. ಹಳೆಯ ವ್ಯವಸ್ಥೆಯ ಅಜಾಗರೂಕತೆಯೇ ಅಲ್ಲಿ ಕೆಲವರ ಕೈಹಿಡಿಯಿತು.

ಆದುದರಿಂದ ಹಳತು ಎಂಬುದನ್ನು ವರ್ಷಗಳಿಂದ ಅಳೆಯುವುದು ಸರಿಯಲ್ಲ. ತೇಪೆಯು ಬರುವುದು ನಿಂತ ಅಥವಾ ಬಂದ ತೇಪೆಯನ್ನು ಹಾಕಿಕೊಳ್ಳುವವರಿಲ್ಲದ ವ್ಯವಸ್ಥೆಯೇ ಭದ್ರತೆಯ ದೃಷ್ಟಿಯಿಂದ ಹಳತು. ಈ ಅರ್ಥದಲ್ಲಿ ವಿಂಡೋಸ್ 7 ತನ್ನ ಪೋಷಣೆಯನ್ನು 2020ರ ಜನವರಿ 14ರಂದು ಕಳೆದುಕೊಂಡಿತು. ವಿಂಡೋಸ್ 10ರ ಸಾಮಾನ್ಯ ಪೋಷಣೆಯು 2025ರ ಅಕ್ಟೋಬರ್ 14ರಂದು ಮುಗಿಯಿತು. ಭಾರತೀಯ ರಿಸರ್ವ್ ಬ್ಯಾಂಕು 2018ರ ಜೂನಿನಲ್ಲಿ ಸುತ್ತೋಲೆ ಹೊರಡಿಸಿ, ಪೋಷಣೆಯಿಲ್ಲದ ವ್ಯವಸ್ಥೆಗಳ ಮೇಲೆ ನಡೆಯುತ್ತಿದ್ದ ಎಟಿಎಂಗಳನ್ನು ಒಂದು ವರ್ಷದೊಳಗೆ ಹಂತಹಂತವಾಗಿ ಬದಲಿಸಬೇಕೆಂದು ಬ್ಯಾಂಕುಗಳಿಗೆ ಆದೇಶಿಸಿದ್ದು ಇದೇ ಕಾರಣದಿಂದ.

ನಮ್ಮ ಕಡತಗಳು

ಬ್ಯಾಂಕಿಗೆ ಆದೇಶಿಸಲು ರಿಸರ್ವ್ ಬ್ಯಾಂಕಿದೆ. ಕನ್ನಡ ವಿಭಾಗಗಳ ಹಳೆಯ ಗಣಕಗಳಿಗೆ ಅಂತಹ ಹೇಳುವವರಿಲ್ಲ. ಅವು ಏಕೆ ಉಳಿದಿವೆಯೆಂಬುದಕ್ಕೆ ಭಾಷೆಗೇ ಸಂಬಂಧಿಸಿದ ಕಾರಣವಿದೆ. ಯುನಿಕೋಡ್ ವ್ಯಾಪಕವಾಗುವ ಮೊದಲು ಕನ್ನಡವನ್ನು ಬೆರಳಚ್ಚಿಸಲು ಬಳಸುತ್ತಿದ್ದ ಅಕ್ಷರಶೈಲಿಗಳು ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸುತ್ತಿದ್ದವು. ಆ ಅಕ್ಷರಶೈಲಿ ಇಲ್ಲದ ಗಣಕದಲ್ಲಿ ಅದೇ ಕಡತವನ್ನು ತೆರೆದರೆ ಅರ್ಥವಾಗದ ಲಿಪಿಗಳ ರಾಶಿ ಕಾಣುತ್ತದೆ. ವಿಂಡೋಸ್ ಕುಲದಲ್ಲಿ ಕನ್ನಡದ ಯುನಿಕೋಡ್ ಅಕ್ಷರಶೈಲಿಯಾದ ‘ತುಂಗಾ’ ಮೊದಲು ಬಂದುದು ಎಕ್ಸ್‌ಪಿಯೊಡನೆಯೇ; ಆದರೂ ಅನೇಕ ವರ್ಷಗಳ ಕಾಲ ಬೆರಳಚ್ಚು ನಡೆದುದು ಹಳೆಯ ಪದ್ಧತಿಯಲ್ಲಿಯೇ. ಹೀಗಾಗಿ ‘ಆ ಗಣಕದಲ್ಲಿ ಮಾತ್ರ ತೆರೆಯುತ್ತದೆ’ ಎಂಬ ಕಾರಣಕ್ಕೆ ಗಣಕವು ಮೂಲೆಯಲ್ಲಿ ಉಳಿಯುತ್ತದೆ. ಅಂತರಜಾಲದ ತಂತಿಯೂ ಅದಕ್ಕೆ ಅಂಟಿಕೊಂಡೇ ಇರುತ್ತದೆ.

ಅಂತಹ ಗಣಕದಲ್ಲಿರುವುದೇನು? ಅಕ್ಕಲಕೋಟೆ, ಜತ್ತ ಸೀಮೆಯ ಹಳ್ಳಿಗಳಲ್ಲಿ ವಿದ್ಯಾರ್ಥಿಗಳು ಬರೆದುಕೊಂಡು ತಂದ ಬೀಸುವ ಪದಗಳು, ಹಂತಿಪದಗಳು, ಮೊಹರಮ್ಮಿನ ರಿವಾಯತ್ ಪದಗಳು. ಮರಾಠಿಯೊಡನೆ ಬೆರೆತ ಇಲ್ಲಿಯ ಕನ್ನಡದ ಶಬ್ದಪಟ್ಟಿಗಳು. ಹಾಡಿದ ಅಜ್ಜಿಯರಲ್ಲಿ ಅನೇಕರು ಇಂದಿಲ್ಲ. ಆಸ್ಪತ್ರೆಯ ಭೇಟಿ ರದ್ದಾದರೆ ಮತ್ತೊಂದು ದಿನ ನಿಗದಿಯಾದೀತು. ಈ ಪದಗಳನ್ನು ಮತ್ತೆ ಹಾಡಿಸಿಕೊಳ್ಳುವ ದಾರಿಯಿಲ್ಲ. ಆದುದರಿಂದ ಪ್ರತಿಯೊಂದು ವಿಭಾಗವೂ ಕೈಗೊಳ್ಳಬಹುದಾದ ಕೆಲವು ಕ್ರಮಗಳನ್ನು ಇಲ್ಲಿ ಸೂಚಿಸಿದೆ.

1. ವಿಭಾಗದ ಗಣಕಗಳ ಪಟ್ಟಿ ಮಾಡಿ, ಯಾವುದರಲ್ಲಿ ಯಾವ ಕಾರ್ಯಾಚರಣ ವ್ಯವಸ್ಥೆಯಿದೆ, ಅದಕ್ಕೆ ಪೋಷಣೆಯುಂಟೇ ಎಂದು ಬರೆದಿಡಬೇಕು.

2. ಪೋಷಣೆಯಿಲ್ಲದ ಗಣಕವನ್ನು ಜಾಲದಿಂದ ಬೇರ್ಪಡಿಸಬೇಕು. ತಂತಿ ಕಿತ್ತ ಗಣಕಕ್ಕೆ 445ನೆಯ ದಿಡ್ಡಿಯಿಂದ ಯಾರೂ ಬರಲಾರರು. ಪೆನ್ ಡ್ರೈವ್ ಇನ್ನೊಂದು ದಾರಿಯಾದ್ದರಿಂದ ಅದನ್ನು ತಪಾಸಣೆ ಮಾಡಿಯೇ ಬಳಸಬೇಕು.

3. ಪೋಷಣೆಯಿರುವ ಗಣಕಗಳಲ್ಲಿ ತಿದ್ದುಪಡಿಗಳನ್ನು ‘ಆಮೇಲೆ’ ಎಂದು ಮುಂದೂಡಬಾರದು. ಎಸ್‌ಎಂಬಿಯ ಮೊದಲನೆಯ ಆವೃತ್ತಿಯನ್ನು ನಿಷ್ಕ್ರಿಯಗೊಳಿಸಿದೆಯೇ ಎಂದು ಪ್ರಯೋಗಾಲಯದ ಸಹಾಯಕರಲ್ಲಿ ಕೇಳಿ ತಿಳಿಯಬೇಕು.

4. ಹಳೆಯ ಅಕ್ಷರಶೈಲಿಯ ಕಡತಗಳನ್ನು ಯುನಿಕೋಡಿಗೆ ಪರಿವರ್ತಿಸಬೇಕು. ನುಡಿ, ಬರಹ ಮೊದಲಾದ ತಂತ್ರಾಂಶಗಳಲ್ಲಿ ಇದಕ್ಕೆ ಸೌಲಭ್ಯವಿದೆ. ಪರಿವರ್ತನೆಯಲ್ಲಿ ಅರ್ಕಾವೊತ್ತು, ಒತ್ತಕ್ಷರ, ದೀರ್ಘದ ಚಿಹ್ನೆಗಳು ಸ್ಥಾನ ತಪ್ಪುವ ಸಂಭವವಿರುವುದರಿಂದ ಕರಡು ತಿದ್ದುವಿಕೆ ಕಡ್ಡಾಯ. ಮೂಲ ಕಡತವನ್ನು ಅಳಿಸಬಾರದು.

5. ಮೂರು ಪ್ರತಿಗಳಿರಲಿ, ಎರಡು ಬಗೆಯ ಮಾಧ್ಯಮಗಳಲ್ಲಿರಲಿ, ಒಂದು ಬೇರೆ ಕಟ್ಟಡದಲ್ಲಿರಲಿ. ಗಣಕಕ್ಕೆ ಸದಾ ಜೋಡಿಸಿಟ್ಟ ಹಾರ್ಡ್ ಡಿಸ್ಕನ್ನು ಪ್ರತಿಯೆಂದು ಎಣಿಸಬಾರದು. ವಾನಾಕ್ರೈ ಜೋಡಿಸಿದ ಡಿಸ್ಕುಗಳ ಕಡತಗಳನ್ನೂ ಗೂಢಲಿಪಿಗೆ ತಿರುಗಿಸುತ್ತಿತ್ತು.

ಈ ಐದರಲ್ಲಿ ಹೆಚ್ಚಿನ ಹಣ ಬೇಡುವುದು ಯಾವುದೂ ಇಲ್ಲ. ನಾಲ್ಕನೆಯ ಕೆಲಸಕ್ಕೆ ಮಾತ್ರ ಕನ್ನಡ ಬಲ್ಲ ಕಣ್ಣುಗಳು ಬೇಕು. ಅದನ್ನು ಗಣಕ ವಿಭಾಗದವರು ನಮಗಾಗಿ ಮಾಡಿಕೊಡಲಾರರು. ಈ ವರ್ಷದ ಸ್ನಾತಕ ವಿದ್ಯಾರ್ಥಿಗಳು ತಲಾ ಹತ್ತು ಪುಟಗಳ ಹೊಣೆ ಹೊತ್ತರೂ ಕೆಲಸವು ಆರಂಭವಾಗುತ್ತದೆ.

ಅಭ್ಯಾಸ

1. ದೋಷ ಮತ್ತು ಭೇದ್ಯತೆಗಳ ಅಂತರವನ್ನು ಉದಾಹರಣೆಯೊಡನೆ ವಿವರಿಸಿರಿ.

2. ಆರು ಅಂಕಿಗಳ ಲೆಕ್ಕದಲ್ಲಿ 1,00,000ವನ್ನು 99,450ಕ್ಕೆ ಇಳಿಸುವಾಗ ಕೊನೆಯ ಐದು ಅಂಕಿಗಳನ್ನು ಮಾತ್ರ ತಿದ್ದಿದರೆ ದೊರೆಯುವ ಸಂಖ್ಯೆ ಯಾವುದು? ಎಟರ್ನಲ್ ಬ್ಲೂ ಲೋಪಕ್ಕೂ ಇದಕ್ಕೂ ಇರುವ ಸಾಮ್ಯವೇನು?

3. ಬೆದರಿಕೆಪತ್ರದ ಪಾಠಪರೀಕ್ಷೆಯನ್ನು ಹಸ್ತಪ್ರತಿಗಳ ಪಾಠಪರೀಕ್ಷೆಯೊಡನೆ ಹೋಲಿಸಿ, ಎರಡರ ಮಿತಿಗಳನ್ನು ಚರ್ಚಿಸಿರಿ.

4. ನಿಮ್ಮ ಮನೆಯಲ್ಲಿ ಅಥವಾ ಊರಿನ ಗ್ರಂಥಾಲಯದಲ್ಲಿ ಹಳೆಯ ಅಕ್ಷರಶೈಲಿಯ ಕನ್ನಡ ಕಡತಗಳಿವೆಯೇ? ಇದ್ದರೆ ಅವುಗಳ ಪಟ್ಟಿಯನ್ನು ಸಿದ್ಧಪಡಿಸಿ ವಿಭಾಗಕ್ಕೆ ಒಪ್ಪಿಸಿರಿ.